ವಿದೇಶಿ ಗ್ರಾಹಕರ ಆ್ಯಪ್‌ಗೆ ಟೆಸ್ಟಿಂಗ್ ಫೋನ್: ಶಿರಸಿ, ಕಾರವಾರದಲ್ಲಿದ್ದುಕೊಂಡೇ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಶಿರಸಿ, ಕುಮಟಾ, ಕಾರವಾರದ ಮನೆಗಳಲ್ಲಿ ಕೂತು ಅಮೆರಿಕ, ಯುರೋಪ್, ಜಪಾನಿನ ಗ್ರಾಹಕರಿಗೆ ಆ್ಯಪ್ ಮಾಡಿಕೊಡುವವರು ಈಗ ಸಾಕಷ್ಟು ಜನ ಇದ್ದಾರೆ. ಕೋಡ್ ಬರೆಯುವುದು ಅವರಿಗೆ ಕಷ್ಟವಲ್ಲ. ಕಷ್ಟ ಶುರುವಾಗುವುದು, 'ನಮ್ಮ ಬಳಕೆದಾರರ ಫೋನಿನಲ್ಲಿ ಆ್ಯಪ್ ಮುಚ್ಚಿಹೋಗುತ್ತಿದೆ' ಎಂದು ಗ್ರಾಹಕರ ಮೇಲ್ ಬಂದಾಗ. ಆ ಫೋನ್ ನಮ್ಮ ಹತ್ತಿರ ಇಲ್ಲ. ಎಷ್ಟೋ ಸಲ ಇಲ್ಲಿನ ಅಂಗಡಿಯಲ್ಲೂ ಇಲ್ಲ.

ಆಗ ಹೆಚ್ಚಿನವರು ಹಿಡಿಯುವುದು ಒಂದೇ ದಾರಿ. ಅಮೆರಿಕದಿಂದ ಊರಿಗೆ ಬರುವ ಅಣ್ಣನಿಗೋ ಭಾವನಿಗೋ ಹೇಳಿ ಹಳೆಯದೊಂದು ಫೋನ್ ತರಿಸುತ್ತಾರೆ. ಅವರು ವಾಪಸು ಹೋದ ಮೇಲೆ ಆನ್ ಮಾಡಿ ನೋಡಿದರೆ ಅದಕ್ಕೆ ಅಲ್ಲಿನ ಟೆಲಿಕಾಂ ಕಂಪನಿಯ ಲಾಕ್ ಇರುತ್ತದೆ. ಇಲ್ಲವೇ ತಂದವರ ಆ್ಯಪಲ್ ಐಡಿಯೇ ಒಳಗೆ ಕೂತಿರುತ್ತದೆ. ಇನ್ನು ಕೆಲವರು ಸರಿಯಾದ ಫೋನನ್ನೇ ಕೊಂಡು, ಮನೆಗೆ ತಂದ ದಿನವೇ ಅಪ್‌ಡೇಟ್ ಕೊಟ್ಟು, ಯಾವ ಹಳೆಯ ಆಂಡ್ರಾಯ್ಡ್ ಅಥವಾ ಐಒಎಸ್ ಆವೃತ್ತಿಗಾಗಿ ಕೊಂಡಿದ್ದರೋ ಅದನ್ನೇ ಕಳೆದುಕೊಳ್ಳುತ್ತಾರೆ. ದುಡ್ಡು ಕಡಿಮೆಯಾಗಿ ಹೀಗಾಗುವುದಿಲ್ಲ, ಕ್ರಮ ತಪ್ಪಿ ಆಗುತ್ತದೆ. ಹಾಗಾಗಿ ಕೆಳಗಿನ ಹಂತಗಳನ್ನು ಹಿಂದೆಮುಂದೆ ಮಾಡಬೇಡಿ.

ಮೊದಲು ಕೈಯಲ್ಲಿರಬೇಕಾದವು

ಡೇಟಾ ಸಾಗಿಸುವ ಒಳ್ಳೆಯ ಯುಎಸ್‌ಬಿ ಕೇಬಲ್, ಚಾಲ್ತಿಯಲ್ಲಿರುವ ಒಂದು ನ್ಯಾನೋ ಸಿಮ್, ಟೆಸ್ಟಿಂಗ್‌ಗೆಂದೇ ತೆರೆದ ಗೂಗಲ್ ಮತ್ತು ಆ್ಯಪಲ್ ಖಾತೆ, ಒಂದು ಎಕ್ಸೆಲ್ ಹಾಳೆ. ಐಫೋನ್‌ಗೆ ಆ್ಯಪ್ ಕಟ್ಟುವುದಾದರೆ ಎಕ್ಸ್‌ಕೋಡ್ (ಐಫೋನ್ ಆ್ಯಪ್ ಕಟ್ಟುವ ಆ್ಯಪಲ್‌ನ ತಂತ್ರಾಂಶ) ಇರುವ ಮ್ಯಾಕ್ ಬೇಕು. ಪೆಟ್ಟಿಗೆ ಅಂಗಡಿಯ ಅಗ್ಗದ ಕೇಬಲ್‌ಗಳಲ್ಲಿ ಹಲವು ಬರೀ ಚಾರ್ಜ್ ಮಾಡುತ್ತವೆ. ಫೋನ್ ಕಂಪ್ಯೂಟರಿಗೆ ಕಾಣಿಸದಿದ್ದರೆ ಮೊದಲು ಕೇಬಲ್ ಬದಲಿಸಿ.

ಹಂತ 1: ಫೋನ್ ಹುಡುಕುವ ಮೊದಲು ಪಟ್ಟಿ ಮಾಡಿ

ಆ್ಯಪ್ ಬಿಡುಗಡೆ ಮಾಡುವವರಿಗೆ ಗೂಗಲ್ ಕೊಡುವ ಪ್ಲೇ ಕನ್ಸೋಲ್, ಆ್ಯಪಲ್ ಕೊಡುವ ಆ್ಯಪ್ ಸ್ಟೋರ್ ಕನೆಕ್ಟ್ ಎಂಬ ತಾಣಗಳನ್ನು ನೋಡುವ ಅನುಮತಿಯನ್ನು ಗ್ರಾಹಕರ ಹತ್ತಿರ ಕೇಳಿ. ಜನ ಯಾವ ಬಗೆಯ ಫೋನ್, ಯಾವ ಆವೃತ್ತಿ, ಯಾವ ದೇಶದಲ್ಲಿ ಬಳಸುತ್ತಿದ್ದಾರೆ ಎಂಬುದು ಅಲ್ಲಿ ಸಿಗುತ್ತದೆ. ಆ್ಯಪ್ ಕ್ರ್ಯಾಶ್ ಆಗುತ್ತಿರುವ ಮಾಡೆಲ್‌ಗಳೂ ಪ್ಲೇ ಕನ್ಸೋಲ್‌ನಲ್ಲೇ ಕಾಣುತ್ತವೆ. ಈ ಎರಡನ್ನೂ ಹಾಳೆಯಲ್ಲಿ ಬರೆದುಕೊಳ್ಳಿ.

ಆ್ಯಪ್ ಇನ್ನೂ ಬಿಡುಗಡೆಯಾಗಿಲ್ಲವೆಂದರೆ ದೇಶ ನೋಡಿ ಅಂದಾಜು ಮಾಡಬೇಕು. ಅಮೆರಿಕಕ್ಕಾದರೆ ಐಫೋನ್, ಸ್ಯಾಮ್‌ಸಂಗ್, ಪಿಕ್ಸೆಲ್, ಮೊಟೊರೊಲಾ. ನಮ್ಮಲ್ಲಿ ಮನೆಮನೆಗೆ ಇರುವ ಶಿಯೋಮಿ ಅಲ್ಲಿ ಅಧಿಕೃತವಾಗಿ ಮಾರಾಟವೇ ಇಲ್ಲ, ಯುರೋಪಿನಲ್ಲಿ ಇದೆ. ಜಪಾನಿಗಾದರೆ ಐಫೋನ್ ಮೊದಲು, ಆಮೇಲೆ ಪಿಕ್ಸೆಲ್, ಶಾರ್ಪ್, ಸೋನಿ.

ಮಾಡೆಲ್ ಹೆಸರು ಒಂದೇ ಇದ್ದರೆ ಒಳಗೂ ಒಂದೇ ಎಂದುಕೊಳ್ಳಬೇಡಿ. ಗ್ಯಾಲಕ್ಸಿ ಎಸ್24 ಭಾರತ ಮತ್ತು ಯುರೋಪಿನಲ್ಲಿ ಎಕ್ಸಿನೋಸ್ ಚಿಪ್ ಜೊತೆ ಬಂತು, ಅಮೆರಿಕದಲ್ಲಿ ಸ್ನ್ಯಾಪ್‌ಡ್ರ್ಯಾಗನ್ ಜೊತೆ. ಎಸ್23 ಮತ್ತು ಎಸ್25 ಎಲ್ಲ ಕಡೆ ಸ್ನ್ಯಾಪ್‌ಡ್ರ್ಯಾಗನ್. ಅಂದರೆ ಅಮೆರಿಕದ ಗ್ರಾಹಕರ ಗೇಮ್ ಅಥವಾ ಕ್ಯಾಮೆರಾ ಆ್ಯಪ್ ಪರೀಕ್ಷಿಸಲು ಹುಬ್ಬಳ್ಳಿಯಲ್ಲಿ ಕೊಂಡ ಎಸ್23 ನಡೆಯುತ್ತದೆ, ಅಲ್ಲೇ ಕೊಂಡ ಎಕ್ಸಿನೋಸ್ ಚಿಪ್‌ನ ಎಸ್24 ನಡೆಯುವುದಿಲ್ಲ. ಬರೀ ಫಾರ್ಮ್ ತುಂಬುವ ಆ್ಯಪ್ ಆದರೆ ಈ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ.

ಪಟ್ಟಿಯ ಪ್ರತಿ ಸಾಲಿನ ಮುಂದೆ ಈ ಮೂರರಲ್ಲಿ ಒಂದನ್ನು ಬರೆಯಿರಿ: ಕ್ಲೌಡ್ (ಇಂಟರ್ನೆಟ್ ಮೂಲಕ ಬಳಸುವ ಫೋನ್) ಸಾಕು, ಇಲ್ಲೇ ಕೊಳ್ಳಬಹುದು, ಹೊರಗಿನಿಂದಲೇ ಬರಬೇಕು. ಮೂರನೆಯ ಗುಂಪಿನಲ್ಲಿ ಎರಡಕ್ಕಿಂತ ಜಾಸ್ತಿ ಫೋನ್ ಇದ್ದರೆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಅಷ್ಟು ಬೇಕಾಗುವುದು ಅಪರೂಪ.

ಹಂತ 2: ಫೋನ್ ಇಲ್ಲದೆಯೇ ಮುಗಿಯುವ ಕೆಲಸ ಮುಗಿಸಿ

ಪರದೆಯ ಅಳತೆ, ಭಾಷೆ, ಡಾರ್ಕ್ ಮೋಡ್, ಹಳೆಯ ಆವೃತ್ತಿಯಲ್ಲಿ ಆ್ಯಪ್ ತೆರೆಯುತ್ತದೆಯೇ ಇಲ್ಲವೇ, ಇವನ್ನೆಲ್ಲ ಕಂಪ್ಯೂಟರಿನಲ್ಲೇ ಫೋನಿನಂತೆ ನಡೆಯುವ ಎಮ್ಯುಲೇಟರ್ ನೋಡಿಕೊಳ್ಳುತ್ತದೆ. ಅದಾದ ಮೇಲೆ ಕ್ಲೌಡ್. ದೂರದ ಕೋಣೆಯಲ್ಲಿ ಜೋಡಿಸಿಟ್ಟ ನಿಜವಾದ ಫೋನನ್ನು ನಮ್ಮ ಪರದೆಯಲ್ಲಿ ಬಳಸುವ ಸೇವೆ ಇದು. ಗೂಗಲ್‌ನ ಫೈರ್‌ಬೇಸ್ ಟೆಸ್ಟ್ ಲ್ಯಾಬ್‌ನ ಉಚಿತ ಯೋಜನೆಯಲ್ಲಿ ದಿನಕ್ಕೆ ನಿಜವಾದ ಫೋನಿನ ಮೇಲೆ 5 ಟೆಸ್ಟ್ ನಡೆಸಬಹುದು. ಅಮೆಜಾನ್‌ನ ಎಡಬ್ಲ್ಯುಎಸ್ ಡಿವೈಸ್ ಫಾರ್ಮ್ ಮೊದಲ 1,000 ನಿಮಿಷ ಉಚಿತವಾಗಿ ಕೊಡುತ್ತದೆ. ಗ್ಯಾಲಕ್ಸಿ ಫೋನ್‌ಗಳಿಗೆ ಸ್ಯಾಮ್‌ಸಂಗ್‌ನದೇ ರಿಮೋಟ್ ಟೆಸ್ಟ್ ಲ್ಯಾಬ್ ಇದೆ, ಅದೂ ಉಚಿತ. ಬ್ರೌಸರ್‌ಸ್ಟ್ಯಾಕ್‌ನಂಥ ಸೇವೆಗೆ ತಿಂಗಳ ಬಾಡಿಗೆ ಇದೆ. ಅದನ್ನು ಗ್ರಾಹಕರ ಖರ್ಚಿಗೇ ಸೇರಿಸಿ ಕೇಳಿ, ಕೇಳುವುದರಲ್ಲಿ ಸಂಕೋಚ ಬೇಡ.

ಕ್ಲೌಡ್ ಎಲ್ಲಿ ಕೈಕೊಡುತ್ತದೆ ಎಂಬುದೇ ಮುಖ್ಯ. ಬ್ಲೂಟೂತ್ ವಾಚ್ ಜೋಡಿಸಲು ಆಗುವುದಿಲ್ಲ. ಎನ್‌ಎಫ್‌ಸಿ ಕಾರ್ಡ್ ಮುಟ್ಟಿಸಲು ಆಗುವುದಿಲ್ಲ. ನಡೆಯುತ್ತಾ ಹೋಗಿ ಜಿಪಿಎಸ್ ನೋಡಲು ಆಗುವುದಿಲ್ಲ. ಬ್ಯಾಟರಿ ಎಷ್ಟು ತಿನ್ನುತ್ತದೆ, ರಾತ್ರಿಯಿಡೀ ಪರದೆ ಆರಿದ್ದಾಗ ನೋಟಿಫಿಕೇಶನ್ ಬರುತ್ತದೆಯೇ ಎಂಬುದೂ ತಿಳಿಯುವುದಿಲ್ಲ. ಪರದೆ ತಡೆತಡೆದು ಓಡಿದರೆ ಅದು ಆ್ಯಪಿನ ತಪ್ಪೋ ನಮ್ಮ ಇಂಟರ್ನೆಟ್ಟಿನ ತಪ್ಪೋ ಎಂದು ಹೇಳಲಾಗದು. ಘಟ್ಟದ ಮೇಲಿನ ಹಳ್ಳಿಯ ಲೈನಿನಲ್ಲಿ ಕೂತು ಕ್ಲೌಡ್ ಫೋನಿನ ವೇಗದ ಬಗ್ಗೆ ವರದಿ ಬರೆಯಬೇಡಿ.

ಇನ್ನೊಂದು ಎಚ್ಚರಿಕೆ. ಕ್ಲೌಡ್ ಫೋನಿನಲ್ಲಿ ಗ್ರಾಹಕರ ನಿಜವಾದ ಪಾಸ್‌ವರ್ಡ್, ನಿಜವಾದ ಬಳಕೆದಾರರ ಮಾಹಿತಿ ಹಾಕಲೇಬೇಡಿ. ಟೆಸ್ಟಿಂಗ್ ಖಾತೆ ಮಾತ್ರ ಬಳಸಿ.

ಹಂತ 3: ಇಲ್ಲೇ ಸಿಗುವುದನ್ನು ಕೊಳ್ಳುವುದು

ಟೆಸ್ಟಿಂಗ್‌ಗೆ ಹೊಸ ಫೋನಿಗಿಂತ ಸೆಕೆಂಡ್ ಹ್ಯಾಂಡ್ ಫೋನೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬಳಕೆದಾರರ ಕೈಯಲ್ಲಿರುವುದೂ ಹಳೆಯ ಫೋನೇ ಅಲ್ವಾ? ಘಟ್ಟದ ಮೇಲಿನವರಿಗೆ ಹುಬ್ಬಳ್ಳಿ, ಕಾರವಾರದವರಿಗೆ ಮಡಗಾಂವ್ ಹತ್ತಿರ. ಆನ್‌ಲೈನ್‌ನಲ್ಲಿ ಕೊಂಡರೆ ವಾಪಸು ಮಾಡುವ ಅವಕಾಶ ಇರುವ ಕಡೆ ಮಾತ್ರ ಕೊಳ್ಳಿ.

ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲು ಇವನ್ನು ಇದೇ ಕ್ರಮದಲ್ಲಿ ನೋಡಿ.

ಒಂದು, ಐಎಂಇಐ, ಅಂದರೆ ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ. *#06# ಒತ್ತಿದರೆ 15 ಅಂಕಿಯ ಸಂಖ್ಯೆ ಬರುತ್ತದೆ. ಬಾಕ್ಸ್ ಮತ್ತು ಬಿಲ್ ಮೇಲಿನ ಸಂಖ್ಯೆಯೂ ಅದೇ ಇರಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ಕೆವೈಎಂ ಎಂದು ಬರೆದು, ಒಂದು ಜಾಗ ಬಿಟ್ಟು, ಆ ಸಂಖ್ಯೆ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲೂ ಇದನ್ನು ನೋಡಬಹುದು. ಕಪ್ಪುಪಟ್ಟಿಯಲ್ಲಿದೆ, ನಕಲಿ, ಈಗಾಗಲೇ ಬಳಕೆಯಲ್ಲಿದೆ ಎಂಬ ಉತ್ತರ ಬಂದರೆ ಬೆಲೆ ಎಷ್ಟೇ ಕಡಿಮೆಯಿರಲಿ, ಬಿಟ್ಟುಬಿಡಿ.

ಎರಡು, ಹಳೆಯ ಖಾತೆ. ಐಫೋನ್ ಆದರೆ ಮಾರುವವರೇ ನಿಮ್ಮೆದುರು ಕಳೆದ ಫೋನ್ ಹುಡುಕುವ 'ಫೈಂಡ್ ಮೈ' ಆಫ್ ಮಾಡಿ, ಆ್ಯಪಲ್ ಐಡಿಯಿಂದ ಹೊರಬಂದು, ಆಮೇಲೆ ರೀಸೆಟ್ ಮಾಡಬೇಕು. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಖಾತೆ ತೆಗೆದು ಆಮೇಲೆ ರೀಸೆಟ್. ಬಟನ್ ಒತ್ತಿ ಹಿಡಿದು ರಿಕವರಿಯಿಂದ ರೀಸೆಟ್ ಮಾಡಿದ ಫೋನ್ ಹಳೆಯ ಖಾತೆಯನ್ನೇ ಕೇಳುತ್ತದೆ. ಮರೆಯಬೇಡಿ, ರೀಸೆಟ್ ಆದ ಫೋನ್ 'ಹಲೋ' ಎಂದು ತೋರಿಸಿದರೆ ಸಾಲದು. ಅಂಗಡಿಯ ವೈಫೈ ಹಾಕಿ ಮುಖಪುಟದವರೆಗೂ ಹೋಗಿ ನೋಡಿ. ಲಾಕ್ ಇದ್ದರೆ ಗೊತ್ತಾಗುವುದು ಇಂಟರ್ನೆಟ್ ಸಿಕ್ಕ ಮೇಲೇ.

ಮೂರು, ಕಚೇರಿಯ ಹಿಡಿತ. ಐಫೋನ್ ಸೆಟ್ಟಿಂಗ್ಸ್‌ನ ಮೇಲ್ಭಾಗದಲ್ಲಿ ಈ ಫೋನನ್ನು ಯಾವುದೋ ಸಂಸ್ಥೆ ನಿರ್ವಹಿಸುತ್ತಿದೆ ಎಂಬ ಸಾಲು ಕಂಡರೆ ಅದು ಕಂಪನಿ ಫೋನ್. ಕೊಳ್ಳಬೇಡಿ.

ನಾಲ್ಕು, ಆವೃತ್ತಿ. ನಿಮಗೆ ಐಒಎಸ್ 16 ಬೇಕಿದ್ದರೆ ಈಗ ಅದೇ ಇರುವ ಫೋನ್ ಹುಡುಕಬೇಕು. ಆ್ಯಪಲ್ ಹಳೆಯ ಆವೃತ್ತಿಗೆ ಸಹಿ ಹಾಕುವುದು (ಅದನ್ನು ಫೋನಿಗೆ ಹಾಕಲು ಒಪ್ಪಿಗೆ ಕೊಡುವುದು) ನಿಲ್ಲಿಸಿದ ಮೇಲೆ ಹಿಂದಕ್ಕೆ ಹೋಗುವ ದಾರಿಯಿಲ್ಲ. 'ಅಪ್‌ಡೇಟ್ ಮಾಡಿಕೊಡ್ತೇನೆ' ಎಂದು ಅಂಗಡಿಯವರು ಪ್ರೀತಿಯಿಂದ ಹೇಳಿದರೂ ಬೇಡ ಎನ್ನಿ. ಪಿಕ್ಸೆಲ್‌ನಲ್ಲಿ ಗೂಗಲ್ ಕೊಡುವ ಫ್ಯಾಕ್ಟರಿ ಇಮೇಜ್ (ಆಯಾ ಆವೃತ್ತಿಯ ಪೂರ್ತಿ ಆಂಡ್ರಾಯ್ಡ್ ಫೈಲ್) ಹಾಕಿ ಹಿಂದಕ್ಕೆ ಹೋಗಬಹುದು, ಹಾಗಾಗಿ ಒಂದೇ ಫೋನಿನಲ್ಲಿ ಹಲವು ಆಂಡ್ರಾಯ್ಡ್ ಪರೀಕ್ಷಿಸುವವರಿಗೆ ಅದೇ ಒಳ್ಳೆಯದು. ಆದರೆ ಪಿಕ್ಸೆಲ್ 6, 6 ಪ್ರೊ, 6ಎ ಒಮ್ಮೆ ಆಂಡ್ರಾಯ್ಡ್ 13ಕ್ಕೆ ಹೋದರೆ ಮತ್ತೆ 12ಕ್ಕೆ ಬರುವುದಿಲ್ಲ.

ಐದು, ಬಿಡಿಭಾಗ. ಐಫೋನ್‌ನ 'ಅಬೌಟ್' ಪುಟದಲ್ಲಿ ಡಿಸ್‌ಪ್ಲೇ, ಬ್ಯಾಟರಿ ಬದಲಾಗಿದ್ದರೆ ಅದರ ವಿವರ ಬರುತ್ತದೆ. ನಕಲಿ ಡಿಸ್‌ಪ್ಲೇ ಇರುವ ಫೋನಿನಲ್ಲಿ ಟಚ್ ಮತ್ತು ಬಣ್ಣದ ದೋಷ ಹುಡುಕಿದರೆ ಸುಮ್ನೆ ದಿನ ಹಾಳು. ಅಂಚಿನಲ್ಲಿ ಸಣ್ಣ ಗೀರು, ಹಿಂಬದಿಯ ಬಿರುಕು ಇದ್ದರೆ ಚಿಂತೆಯಿಲ್ಲ, ಚೌಕಾಸಿ ಮಾಡಿ ಕೊಳ್ಳಿ, ಟೆಸ್ಟಿಂಗ್‌ಗೆ ಅದರಿಂದ ಏನೂ ಆಗುವುದಿಲ್ಲ.

ಕೊನೆಗೆ ಬಿಲ್. ಐಎಂಇಐ ಬರೆದ ಬಿಲ್ ಕೊಡದ ಕಡೆ ಕೊಳ್ಳಬೇಡಿ.

ಹಂತ 4: ಹೊರಗಿನಿಂದಲೇ ತರಿಸಬೇಕಾದಾಗ

ಮೊದಲು ಗ್ರಾಹಕರನ್ನೇ ಕೇಳಿ. ಅವರ ಕಚೇರಿಯಲ್ಲಿ ಆ ಫೋನ್ ಇದ್ದರೆ ಅಲ್ಲೇ ಕಂಪ್ಯೂಟರಿಗೆ ಸಿಕ್ಕಿಸಿ, ನಿಮಗೆ ಆ ಕಂಪ್ಯೂಟರಿನ ರಿಮೋಟ್ ಪ್ರವೇಶ ಕೊಟ್ಟರೆ ಸಾಕು. ಲಾಗ್ (ಆ್ಯಪ್ ಬರೆದಿಡುವ ದಾಖಲೆ) ಓದಬಹುದು, ಆ್ಯಪಿನ ಹೊಸ ಬಿಲ್ಡ್ ಹಾಕಬಹುದು. ಮುಟ್ಟುವ, ಅಲುಗಾಡಿಸುವ ಕೆಲಸಕ್ಕೆ ಮಾತ್ರ ಅಲ್ಲೊಬ್ಬರು ಬೇಕಾಗುತ್ತದೆ. ಅಮೆರಿಕದ ನೆಟ್‌ವರ್ಕಿಗೇ ಸಂಬಂಧಿಸಿದ ದೋಷವಾದರೆ ಇದೇ ಸುಲಭದ ದಾರಿ. ಫೋನನ್ನು ಶಿರಸಿಗೆ ತಂದರೆ ಅಲ್ಲಿನ ಟವರ್ ಜೊತೆಗೆ ಬರುವುದಿಲ್ಲವಲ್ಲ.

ಕೊರಿಯರ್ ನನ್ನ ಪ್ರಕಾರ ಕೊನೆಯ ಆಯ್ಕೆ. ಆಮದು ಸುಂಕ, 18% ಜಿಎಸ್‌ಟಿ, ಕೆವೈಸಿ ದಾಖಲೆ, ಒಳಗೆ ಲಿಥಿಯಂ ಬ್ಯಾಟರಿ ಇದೆ ಎಂಬ ಘೋಷಣೆ, ಎಲ್ಲವೂ ಬೇಕು. 'ಗಿಫ್ಟ್' ಎಂದು ಬರೆದರೆ ಸುಂಕ ತಪ್ಪುವುದಿಲ್ಲ. ಬೆಲೆ ಕಡಿಮೆ ಬರೆದರೆ ಪಾರ್ಸೆಲ್ ಕಸ್ಟಮ್ಸ್‌ನಲ್ಲೇ ಸಿಕ್ಕಿಬೀಳಬಹುದು.

ಉಳಿಯುವುದು ಊರಿಗೆ ಬರುವವರ ಕೈಯಲ್ಲಿ ತರಿಸುವುದು. ನಮ್ಮ ಜಿಲ್ಲೆಗೆ ಇದರಲ್ಲಿ ಅನುಕೂಲ ಜಾಸ್ತಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಎಷ್ಟೋ ಮನೆಯವರು ಅಮೆರಿಕದಲ್ಲಿದ್ದಾರೆ. ಭಟ್ಕಳದವರಿಗೆ ದುಬೈ ನಂಟು ಹಳೆಯದು. ಬರುವವರಿಗೆ ಬಾಯಲ್ಲಿ ಹೇಳಿ ಬಿಡಬೇಡಿ, ಬರೆದು ಕಳಿಸಿ. ಹೀಗೆ:

'ಅಣ್ಣಾ, ಫೋನ್ ಅನ್‌ಲಾಕ್ ಆಗಿರುವುದೇ ಬೇಕು, ಕಂತಿನ ಮೇಲೆ ತೆಗೆದುಕೊಂಡದ್ದು ಬೇಡ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ತೆರೆದು ಮಾಡೆಲ್ ನಂಬರ್, ಆವೃತ್ತಿ, ಕ್ಯಾರಿಯರ್ ಲಾಕ್ ಕಾಣುವಂತೆ ಫೋಟೋ ಕಳಿಸು. ಅಪ್‌ಡೇಟ್ ಮಾಡಬೇಡ. ಬಿಲ್ ಜೊತೆಗೆ ತಾ. ಫೋನ್ ಕೈಚೀಲದಲ್ಲೇ ಇರಲಿ, ಚೆಕ್‌ಇನ್ ಬ್ಯಾಗಿಗೆ ಹಾಕಬೇಡ.'

ಐಫೋನ್‌ನಲ್ಲಿ ಕ್ಯಾರಿಯರ್ ಲಾಕ್ ಎಂಬಲ್ಲಿ 'ನೋ ಸಿಮ್ ರಿಸ್ಟ್ರಿಕ್ಷನ್ಸ್' ಎಂದಿರಬೇಕು. ಬೇರೇನೇ ಇದ್ದರೂ ಅದು ಲಾಕ್ ಆದ ಫೋನ್. ಆ ಲಾಕ್ ತೆಗೆಯಬೇಕಾದದ್ದು ಅಲ್ಲಿನ ಟೆಲಿಕಾಂ ಕಂಪನಿಯೇ. ಪೂರ್ತಿ ಹಣ ಕಟ್ಟಿದ ಮೂಲ ಖಾತೆದಾರರು ಕೇಳಿದರೆ ತೆಗೆಯುತ್ತಾರೆ. ಇಲ್ಲಿ 'ಕೋಡ್ ಹಾಕಿ ತೆಗೆದುಕೊಡ್ತೇವೆ' ಎನ್ನುವವರಿಗೆ ದುಡ್ಡು ಕೊಡಬೇಡಿ. ವೈಫೈಯಲ್ಲಿ ಮಾತ್ರ ನಡೆಯುವ ಪರೀಕ್ಷೆಯಾದರೆ ಲಾಕ್ ಇದ್ದರೂ ಹೆಚ್ಚಿನ ಕೆಲಸ ಆಗುತ್ತದೆ, ಬೆಲೆ ಮಾತ್ರ ಅದಕ್ಕೆ ತಕ್ಕಂತೆ ಇಳಿಯಬೇಕು.

ಮಾಡೆಲ್ ನಂಬರಿನ ಕೊನೆಯಲ್ಲಿ ಎಲ್‌ಎಲ್ ಇದ್ದರೆ ಅಮೆರಿಕದ್ದು, ಎಚ್‌ಎನ್ ಇದ್ದರೆ ಭಾರತದ್ದು, ಜೆ ಇದ್ದರೆ ಜಪಾನಿನದು. ಮೊದಲ ಅಕ್ಷರ ಎಫ್ ಆದರೆ ಆ್ಯಪಲ್ ಸರಿಪಡಿಸಿ ಮಾರಿದ್ದು, ಎನ್ ಆದರೆ ರಿಪೇರಿಗೆ ಬದಲಾಗಿ ಕೊಟ್ಟದ್ದು. ಅಮೆರಿಕದ ಐಫೋನ್ 14 ಮತ್ತು ನಂತರದ ಫೋನ್‌ಗಳಿಗೆ ಸಿಮ್ ಹಾಕುವ ಜಾಗವೇ ಇಲ್ಲ, ಇಸಿಮ್ ಮಾತ್ರ. ಜಿಯೋ, ಏರ್‌ಟೆಲ್‌ನಲ್ಲಿ ಇಸಿಮ್ ಮಾಡಿಸಿಕೊಳ್ಳಬಹುದು. ದುಬೈನಲ್ಲಿ ಕೊಂಡ ಐಫೋನ್ ಆದರೆ ಫೇಸ್‌ಟೈಮ್ ಇದೆಯೇ ಎಂದು ಮೊದಲು ಕೇಳಿ, ವಿಡಿಯೋ ಕರೆಯ ಆ್ಯಪ್ ಮಾಡುವವರಿಗೆ ಇದು ಬೇಕಾದ ವಿಷಯ. ಅಮೆರಿಕದ ವೆರೈಝನ್ ಮೂಲಕ ಮಾರಾಟವಾದ ಪಿಕ್ಸೆಲ್‌ಗಳಲ್ಲಿ ಬೂಟ್‌ಲೋಡರ್ (ಫೋನ್ ಆನ್ ಆಗುವಾಗ ಆಂಡ್ರಾಯ್ಡ್ ಶುರು ಮಾಡುವ ಭಾಗ) ತೆರೆಯುವುದಿಲ್ಲ. ಮೇಲೆ ಹೇಳಿದ ಹಿಂದಕ್ಕೆ ಹೋಗುವ ಕೆಲಸಕ್ಕೆ ಇದು ದೊಡ್ಡ ಅಡ್ಡಿ, ಗೂಗಲ್‌ನಿಂದಲೇ ಕೊಂಡದ್ದನ್ನು ಕೇಳಿ.

ಒಬ್ಬರ ಕೈಯಲ್ಲಿ ನಾಲ್ಕಾರು ಫೋನ್ ತರಿಸಬೇಡಿ. ಸ್ವಂತ ಸಾಮಾನಿಗೆ ಇರುವ ಸುಂಕವಿಲ್ಲದ ಮಿತಿ ಮಾರಾಟದ ಸರಕಿಗೆ ಅನ್ವಯಿಸುವುದಿಲ್ಲ. ಬಾಕ್ಸ್ ಸಮೇತ ನಾಲ್ಕು ಫೋನ್ ಕಂಡರೆ ಗೋವಾದ ದಾಬೋಲಿಂ ವಿಮಾನ ನಿಲ್ದಾಣವಾಗಲಿ ಮೋಪಾ ಆಗಲಿ, ಅಧಿಕಾರಿಗಳು ಕೇಳಿಯೇ ಕೇಳುತ್ತಾರೆ. ಆ ದಿನಕ್ಕೆ ಇರುವ ಮಿತಿಯನ್ನು ಕಸ್ಟಮ್ಸ್ ಮಂಡಳಿಯ ಜಾಲತಾಣದಲ್ಲಿ ನೋಡಿ ಬರುವವರಿಗೆ ಮೊದಲೇ ತಿಳಿಸಿ. ಮಿತಿ ಮೀರಿದರೆ ಕಸ್ಟಮ್ಸ್‌ನ ಕೆಂಪು ದಾರಿಯಲ್ಲಿ (ಸುಂಕದ ಸರಕು ತಿಳಿಸುವವರ ದಾರಿ) ಹೋಗಿ ಸುಂಕ ಕಟ್ಟಲಿ, ಆ ದುಡ್ಡು ನೀವು ಕೊಡಿ. ನಮ್ಮ ಕೆಲಸಕ್ಕಾಗಿ ಅವರು ತೊಂದರೆಗೆ ಸಿಲುಕಬಾರದು.

ಈ ಹಂತದ ಅತಿ ಮುಖ್ಯ ಮಾತು: ಫೋನ್ ಕೈಗೆ ಬಂದ ದಿನವೇ, ತಂದವರು ಊರಲ್ಲಿ ಇರುವಾಗಲೇ, ಹಂತ 3ರ ಪರೀಕ್ಷೆಯನ್ನು ಅವರ ಎದುರು ಮಾಡಿ. ಇಲ್ಲಿನ ಸಿಮ್ ಅಥವಾ ಇಸಿಮ್ ಹಾಕಿ ಒಂದು ಕರೆ ಮಾಡಿ ನೋಡಿ. ಜಿಯೋದಲ್ಲಿ ಕರೆ ಹೋಗಲು ಫೋನಿಗೆ ವೋಲ್ಟೆ (4ಜಿ ಮೂಲಕವೇ ಕರೆ ಮಾಡುವ ವ್ಯವಸ್ಥೆ) ಬೇಕು. ಕೆಲವು ಹೊರದೇಶದ ಆಂಡ್ರಾಯ್ಡ್‌ಗಳಲ್ಲಿ ಇಂಟರ್ನೆಟ್ ಓಡುತ್ತದೆ, ಕರೆ ಮಾತ್ರ ಹೋಗುವುದಿಲ್ಲ.

ಹಂತ 5: ಮೊದಲ ಒಂದು ಗಂಟೆ

ಆಟೋಮ್ಯಾಟಿಕ್ ಅಪ್‌ಡೇಟ್ ಆಫ್ ಮಾಡುವುದೇ ಮೊದಲ ಕೆಲಸ. ಉಳಿದದ್ದೆಲ್ಲ ಆಮೇಲೆ.

ಆಂಡ್ರಾಯ್ಡ್‌ನಲ್ಲಿ ಬಿಲ್ಡ್ ನಂಬರನ್ನು 7 ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ಕಂಪ್ಯೂಟರಿನಿಂದ ಆ್ಯಪ್ ಹಾಕಿ ಪರೀಕ್ಷಿಸಲು ಬೇಕಾದ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ. ಶಿಯೋಮಿ ಫೋನಿನಲ್ಲಿ ಇಷ್ಟು ಸಾಲದು. 'ಇನ್‌ಸ್ಟಾಲ್ ವಯಾ ಯುಎಸ್‌ಬಿ' ಎಂಬ ಇನ್ನೊಂದು ಆಯ್ಕೆ ಇದೆ. ಅದು ಆನ್ ಆಗಲು ಮಿ ಖಾತೆ ಮತ್ತು ಒಳಗೆ ಸಿಮ್ ಕೇಳುತ್ತದೆ. ಬಹಳ ಜನ ಇಲ್ಲೇ ಸಿಕ್ಕಿಕೊಂಡು ಕೋಡಿನಲ್ಲಿ ತಪ್ಪು ಹುಡುಕುತ್ತಾರೆ.

ಐಫೋನ್‌ನಲ್ಲಿ ಐಒಎಸ್ 16ರಿಂದ ಡೆವಲಪರ್ ಮೋಡ್ ಬೇರೆಯಾಗಿ ಆನ್ ಮಾಡಬೇಕು. ಉಚಿತ ಆ್ಯಪಲ್ ಖಾತೆಯಿಂದ ಹಾಕಿದ ಆ್ಯಪ್ 7 ದಿನಕ್ಕೆ ನಿಲ್ಲುತ್ತದೆ. ವರ್ಷಕ್ಕೆ 99 ಡಾಲರಿನ ಡೆವಲಪರ್ ಖಾತೆ ಗ್ರಾಹಕರದೇ ಇರಲಿ, ನಿಮ್ಮನ್ನು ಅದರ ತಂಡಕ್ಕೆ ಸೇರಿಸಲಿ.

ನಿಮ್ಮ ಸ್ವಂತ ಗೂಗಲ್ ಖಾತೆಯ ದೇಶ ಬದಲಿಸಬೇಡಿ. ಪ್ಲೇ ಸ್ಟೋರ್‌ನಲ್ಲಿ ದೇಶ ಬದಲಿಸಲು ವರ್ಷಕ್ಕೆ ಒಂದೇ ಅವಕಾಶ. ಆ್ಯಪಿನೊಳಗಿನ ಖರೀದಿ ಪರೀಕ್ಷಿಸಲು ಆ್ಯಪಲ್‌ನಲ್ಲಿ ಸ್ಯಾಂಡ್‌ಬಾಕ್ಸ್ ಖಾತೆ, ಗೂಗಲ್‌ನಲ್ಲಿ ಲೈಸೆನ್ಸ್ ಟೆಸ್ಟರ್ ಇದೆ, ನಿಜವಾದ ಡಾಲರ್ ಕಾರ್ಡ್ ಬೇಕಿಲ್ಲ. ಅಮೆರಿಕದ ನಂಬರಿಗೆ ಬರುವ ಒಟಿಪಿಗಾಗಿ ಭಾವನಿಗೆ ನಡುರಾತ್ರಿ ಫೋನ್ ಮಾಡುವುದೂ ಬೇಡ. ಫೈರ್‌ಬೇಸ್ ಬಳಸುವ ಆ್ಯಪ್ ಆದರೆ ಕಾಲ್ಪನಿಕ ನಂಬರ್ ಮತ್ತು ಅದಕ್ಕೊಂದು ಸ್ಥಿರ ಕೋಡ್ ಕೊಟ್ಟು ಪರೀಕ್ಷಿಸಬಹುದು.

ಹಂತ 6: ಮಳೆಗಾಲದಲ್ಲಿ ಫೋನ್ ಉಳಿಸಿಕೊಳ್ಳುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆಯ ತೇವಕ್ಕೆ ಬಟ್ಟೆಯೇ ಒಣಗುವುದಿಲ್ಲ. ಕರಾವಳಿಯಲ್ಲಿ ಅದಕ್ಕೆ ಉಪ್ಪಿನ ಗಾಳಿಯೂ ಸೇರುತ್ತದೆ. ಚಾರ್ಜಿಂಗ್ ಪೋರ್ಟ್ ಮೊದಲು ಹಾಳಾಗುತ್ತದೆ. ಬಳಸದ ಫೋನನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬ್ಯಾಟರಿ ಅರ್ಧದಷ್ಟು ಇರಲಿ, ತಿಂಗಳಿಗೊಮ್ಮೆ ತೆಗೆದು ನೋಡಿ. 'ಪೋರ್ಟಿನಲ್ಲಿ ನೀರಿದೆ' ಎಂಬ ಎಚ್ಚರಿಕೆ ಬಂದರೆ ಕೇಬಲ್ ತೆಗೆದು ಒಣಗಲು ಬಿಡಿ.

ದಿನವಿಡೀ ಕೇಬಲಿಗೆ ಸಿಕ್ಕಿಸಿಟ್ಟ ಟೆಸ್ಟಿಂಗ್ ಫೋನಿನ ಬ್ಯಾಟರಿ ಉಬ್ಬುವುದುಂಟು. ಚಾರ್ಜ್ 80%ಕ್ಕೆ ನಿಲ್ಲಿಸುವ ಆಯ್ಕೆ ಇದ್ದರೆ ಹಾಕಿಕೊಳ್ಳಿ. ಡಿಸ್‌ಪ್ಲೇ ಅಂಚಿನಲ್ಲಿ ಎದ್ದಿದ್ದರೆ, ಮೇಜಿನ ಮೇಲೆ ಇಟ್ಟಾಗ ಫೋನ್ ಅಲುಗಾಡಿದರೆ, ತಕ್ಷಣ ಚಾರ್ಜ್ ನಿಲ್ಲಿಸಿ. ಒತ್ತಬೇಡಿ, ಚುಚ್ಚಬೇಡಿ, ಮನೆಯಲ್ಲೇ ಬಿಚ್ಚಬೇಡಿ. ಬ್ಯಾಟರಿ ಬದಲಿಸುವ ಅಂಗಡಿಗೆ ಕೊಡಿ.

ಹಂತ 7: ಹಂಚಿಕೊಳ್ಳುವುದು, ಲೆಕ್ಕ ಇಡುವುದು

ಒಂದೇ ಊರಿನ ಮೂರು ಜನ ಬೇರೆಬೇರೆ ಮೂರು ಫೋನ್ ಕೊಂಡು ಸುತ್ತು ಹಾಕಿದರೆ ಎಲ್ಲರಿಗೂ ಉಳಿತಾಯ. ಇದನ್ನು ಇನ್ನಷ್ಟು ಜನ ಮಾಡಬೇಕೆಂಬುದು ನನ್ನ ಆಸೆ. ಹಾಳೆಯಲ್ಲಿ ಐಎಂಇಐ, ಆವೃತ್ತಿ, ಯಾರ ಬಳಿ ಇದೆ, ಯಾವ ದಿನ ಹೋಯಿತು ಎಂದು ಬರೆಯಿರಿ. ಕೊಡುವಾಗಲೂ ಪಡೆಯುವಾಗಲೂ ಆ್ಯಪ್, ಖಾತೆ ತೆಗೆದು ರೀಸೆಟ್ ಮಾಡಿ. ಗ್ರಾಹಕರು ಕೊಟ್ಟ ಫೋನನ್ನು ಮಾತ್ರ ಈ ಸುತ್ತಿಗೆ ಸೇರಿಸಬೇಡಿ. ಅದರಲ್ಲಿ ಬಿಡುಗಡೆಯಾಗದ ಆ್ಯಪ್ ಇರುತ್ತದೆ, ಅದು ಅವರ ಸ್ವತ್ತು.

ಈ ಗುಂಪು ಇನ್ನೊಂದಕ್ಕೂ ಬೇಕಾಗುತ್ತದೆ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಪ್ಲೇ ಡೆವಲಪರ್ ಖಾತೆಯಿಂದ ಆ್ಯಪ್ ಬಿಡುಗಡೆ ಮಾಡಲು ಕನಿಷ್ಠ 12 ಜನ 14 ದಿನ ಸತತವಾಗಿ ಕ್ಲೋಸ್ಡ್ ಟೆಸ್ಟಿಂಗ್‌ನಲ್ಲಿ (ಆಯ್ದವರು ಮಾತ್ರ ಮಾಡುವ ಪರೀಕ್ಷೆ) ಇರಬೇಕು. ದುಡ್ಡು ಪಡೆದು ಹೆಸರು ಸೇರಿಸುವವರನ್ನು ನಂಬುವ ಬದಲು ಪರಿಚಯದ ಕಾಲೇಜು ಹುಡುಗರನ್ನು, ಮನೆಯವರನ್ನು ಕೇಳಿ. ಅವರ ಕೈಯಲ್ಲಿರುವ ವಿವೋ, ರಿಯಲ್‌ಮಿ, ಒಪ್ಪೊಗಳಲ್ಲಿ ಹಿನ್ನೆಲೆಯ ಕೆಲಸ ಹೇಗೆ ನಿಲ್ಲುತ್ತದೆ ಎಂಬುದೂ ನಿಮಗೆ ಹಾಗೆಯೇ ಗೊತ್ತಾಗುತ್ತದೆ.

ಆ್ಯಪಲ್ ಕಡೆಯ ಲೆಕ್ಕ ಬೇರೆ. ನೇರವಾಗಿ ಆ್ಯಪ್ ಹಾಕಲು ನೋಂದಾಯಿಸುವ ಐಫೋನ್‌ಗಳ ಮಿತಿ ವರ್ಷಕ್ಕೆ 100. ಮಾರಿಬಿಟ್ಟ ಫೋನನ್ನು ಪಟ್ಟಿಯಲ್ಲಿ ನಿಷ್ಕ್ರಿಯ ಮಾಡಿದರೂ ಆ ಜಾಗ ತಕ್ಷಣ ಖಾಲಿಯಾಗುವುದಿಲ್ಲ, ಸದಸ್ಯತ್ವದ ವರ್ಷ ನವೀಕರಣವಾಗುವಾಗಲೇ ತೆಗೆಯಬೇಕು. ಹಾಗಾಗಿ ಸುಮ್ನೆ ನೋಡಲು ಕೇಳುವವರ ಫೋನ್‌ಗಳನ್ನು ಅಲ್ಲಿ ಸೇರಿಸಬೇಡಿ, ಅವರಿಗೆ ಬಿಡುಗಡೆಗೆ ಮೊದಲೇ ಆ್ಯಪ್ ಹಂಚುವ ಆ್ಯಪಲ್‌ನ ಟೆಸ್ಟ್‌ಫ್ಲೈಟ್ ಲಿಂಕ್ ಕೊಡಿ.